ಹೇಳಲು ಬಾರದ ಸಿನಿಮಾ

ಕೊನೆಕೊನೆಗೆ ಅಬಚಿಗೆ ಅರವು ಮರವು ಆಗಿತ್ತು ಎಂದು ನಮ್ಮ ಓಣಿಯಲ್ಲಿ ಈಗ ಎಲ್ಲರೂ ಹೇಳುತ್ತಾರೆ. ಆಕೆ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಅಷ್ಟರಲ್ಲೇ ಆಕೆಯ ಬಗ್ಗೆ ಒಂದು ಅಚ್ಚುಕಟ್ಟಾದ ಕತೆ ತಯಾರಾಗಿದೆ. ಬಹಳ ಚಲೋ ಸಿನಿಮಾ ಕತೆ ಹೇಳುತ್ತಿದ್ದ ಹೆಂಗಸು, ವಯಸ್ಸಾಯಿತು, ಒಂದು ದಿನ ಸಿನಿಮಾ ನೋಡಿ ಬಂದು ಹೇಳಲು ಕೂತಳು, ಏನೂ ನೆನಪಾಗಲಿಲ್ಲ, ಅಲ್ಲಿಂದ ಮುಂದೆ ಇಳಿಯುತ್ತ ಹೋದಳು. ಇಷ್ಟೇ. ಕೇಳಲು ಚೆನ್ನಾಗಿದೆ. ಅದಕ್ಕೇ ನನಗೆ ಅದರ ಮೇಲೆ ನಂಬಿಕೆ ಇಲ್ಲ.

ನನ್ನ ನೆನಪಿನ ಮೇಲೂ ಅಷ್ಟೇನೂ ನಂಬಿಕೆ ಇಲ್ಲ. ಇದನ್ನು ಬರೆಯಲು ಮೊದಲ ಸಲ ಕೂತಾಗ, 'ಆಕೆ ಎಡಗೈಯಲ್ಲಿ ನೂಲು ಸುತ್ತುವ ರಾಟಿ ತಿರುವುತ್ತಿದ್ದಳು' ಎಂದು ಶುರು ಮಾಡಿದ್ದೆ. ಆ ಕೈ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಅವ್ವನನ್ನು ಕೇಳಿದೆ. "ಎಡಗೈಲೆ ಯಾರರ ತಿರುವ್ತಾರೇನ ಹುಚ್ಚಿ, ಬಲಗೈ" ಎಂದಳು. ಅಣ್ಣನನ್ನು ಕೇಳಿದರೆ, ರಾಟಿ ಎಲ್ಲಿತ್ತು, ಆಕೆ ಸುಮ್ಮನೆ ಕೂತು ಮಾತಾಡುತ್ತಿದ್ದಳಲ್ಲ ಎಂದ. ಹೋಗಿ ನೋಡಿದರೆ ಆಕೆ ಕೂರುತ್ತಿದ್ದ ಮೂಲೆಯಲ್ಲಿ ಈಗ ಮೋಟರಿನ ಯಂತ್ರ ನಿಂತಿದೆ. ಅದಕ್ಕೆ ಕೈಯೇ ಬೇಡ. ಹೀಗಾಗಿ ಆ ವಾಕ್ಯ ಹೊಡೆದುಹಾಕಿ, ಓಣಿಯ ಕತೆಯಿಂದಲೇ ಶುರು ಮಾಡಿದ್ದೇನೆ. ಅದರೊಂದಿಗೆ ಜಗಳವಾಡಬಹುದು.

ಅಬಚಿ ಎಂದರೆ ನಮ್ಮ ಕಡೆ ಚಿಕ್ಕಮ್ಮ. ಆಕೆ ನನ್ನ ಚಿಕ್ಕಮ್ಮನಲ್ಲ, ರಕ್ತಸಂಬಂಧದಲ್ಲಿ ಏನೂ ಅಲ್ಲ. ಬನಹಟ್ಟಿಯ ನಮ್ಮ ಇಡೀ ಓಣಿಗೆ ಆಕೆ ಅಬಚಿ. ಗಂಡ ಬೇಗ ಹೋಗಿದ್ದ, ಮಕ್ಕಳಿರಲಿಲ್ಲ, ಅಣ್ಣನ ಮಗನ ಮನೆಯಲ್ಲಿದ್ದಳು. ಹೆಸರು ಬರೆಯುವುದಿಲ್ಲ. ಸಿನಿಮಾ ಕತೆ ಹೇಳುವಾಗ ಆಕೆಯೂ ಯಾರ ಹೆಸರನ್ನೂ ಹೇಳುತ್ತಿರಲಿಲ್ಲ. ಹೀರೋ ಎಷ್ಟು ದೊಡ್ಡವನಾದರೂ 'ಒಬ್ಬಾಂವ'. ಹೀರೋಯಿನ್ 'ಆ ದೊಡ್ಡ ಕಣ್ಣಿನಾಕಿ'. ನಾವು ಹೆಸರು ಕೇಳಿದರೆ ಸಿಟ್ಟು. "ಹೆಸರ ತಗೊಂಡ ಏನ ಮಾಡ್ತಿ? ಅಂವಗ ಏನ ಬೇಕಾಗಿತ್ತು, ಅದನ ಕೇಳು."

ನಮ್ಮ ಮನೆಯ ಹಿಂಭಾಗದಲ್ಲಿ ಪಾವರ್‌ಲೂಮುಗಳು. ಅವಕ್ಕೆ ಅಂಟಿಕೊಂಡಂತೆ ಒಂದು ತಗಡಿನ ಪಡಸಾಲೆ. ಅಲ್ಲಿ ಹೆಂಗಸರು ಕೂತು ಕಂಡಿಕೆ ಸುತ್ತುತ್ತಿದ್ದರು. ಲಾಳಿಯ ಹೊಟ್ಟೆಯಲ್ಲಿ ಕೂತು ಅತ್ತಿಂದಿತ್ತ ಓಡುವ ಸಣ್ಣ ನೂಲಿನ ಸುರುಳಿಯೇ ಕಂಡಿಕೆ. ಮಗ್ಗ ಅದನ್ನು ತಿನ್ನುತ್ತಲೇ ಇರುತ್ತದೆ, ಸುತ್ತುವವರು ಸುತ್ತುತ್ತಲೇ ಇರಬೇಕು. ಆ ಪಡಸಾಲೆಯಲ್ಲಿ ಒಂದು ರೂಢಿ ಇತ್ತು. ಊರಿಗೆ ಹೊಸ ಸಿನಿಮಾ ಬಂದರೆ ಎಲ್ಲರೂ ಹೋಗುವಂತಿರಲಿಲ್ಲ. ಮಗ್ಗ ನಿಲ್ಲುತ್ತದೆ, ಅತ್ತೆ ಬೈಯುತ್ತಾಳೆ, ಕೂಸು ಅಳುತ್ತದೆ. ಆದ್ದರಿಂದ ಎಲ್ಲರ ಪರವಾಗಿ ಒಬ್ಬಳು ಹೋಗಬೇಕು. ಆ ಮಧ್ಯಾಹ್ನ ಆಕೆಯ ಪಾಲಿನ ಕಂಡಿಕೆಯನ್ನು ಉಳಿದವರು ಸುತ್ತಿಡಬೇಕು. ಆಕೆ ಸಿನಿಮಾ ತರಬೇಕು. 'ತರಬೇಕು' ಎಂದೇ ಅನ್ನುತ್ತಿದ್ದರು, ಸಂತೆಯಿಂದ ಬದನೆಕಾಯಿ ತಂದ ಹಾಗೆ. ಮೊದಮೊದಲು ಸರದಿಯಂತೆ ಹೋಗುತ್ತಿದ್ದರಂತೆ. ಒಮ್ಮೆ ಅಬಚಿ ಹೋಗಿ ತಂದ ಮೇಲೆ ಉಳಿದವರು ತಮ್ಮ ಸರದಿ ಬಿಟ್ಟುಕೊಟ್ಟರು.

ಆಕೆ ತರುತ್ತಿದ್ದದ್ದು ಪೂರ್ತಿ ಅದೇ ಸಿನಿಮಾ ಅಲ್ಲ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಹೊಡೆದಾಟಗಳನ್ನು ಆಕೆ ಒಂದೇ ಮಾತಿನಲ್ಲಿ ದಾಟುತ್ತಿದ್ದಳು: "ಆಮ್ಯಾಲ ಹೊಡದ್ಯಾಡಿದ್ರು, ಬಿಡು." ಆದರೆ ಒಬ್ಬಳು ಬಾಗಿಲ ಹಿಂದೆ ನಿಂತು ಮಾತು ಕೇಳಿಸಿಕೊಂಡಳು ಎಂಬುದಕ್ಕೆ ಒಂದು ಬೆಳಗು ಬೇಕಿತ್ತು. ಆಕೆ ಉಟ್ಟ ಸೀರೆಯ ದಡಿ, ಬಾಗಿಲಿನ ಬಣ್ಣ, ಕಾಲಲ್ಲಿ ಚಪ್ಪಲಿ ಇತ್ತೋ ಇಲ್ಲವೋ. ಸಿನಿಮಾದಲ್ಲಿ ಯಾರೂ ಊಟ ಮಾಡಿದ್ದು ತೋರಿಸದಿದ್ದರೆ ಅಬಚಿ ತಾನೇ ಉಣಿಸುತ್ತಿದ್ದಳು. ಪರದೇಶಕ್ಕೆ ಹೋಗಿ ಬಂದ ಸಾಹುಕಾರನ ಮಗನಿಗೂ ಪುಂಡಿಪಲ್ಲೆ, ರೊಟ್ಟಿ. ಖಳನಾಯಕರಿಗೆ ಬಳಗ ಕೊಡುತ್ತಿದ್ದಳು. ಒಬ್ಬ ಖಳನಿಗೆ ಅಕ್ಕ ಇದ್ದಳು, ಆ ಅಕ್ಕ ತಮ್ಮನ ಅಂಗಿ ಒಗೆಯುವಾಗ ರಕ್ತದ ಕಲೆ ನೋಡಿ ಏನೂ ಕೇಳದೆ ಮತ್ತೊಂದು ಸಲ ಸಬಕಾರ ಹಚ್ಚಿದಳು ಎಂದು ಆಕೆ ಹೇಳಿದ್ದು ನನ್ನೊಳಗೆ ಎಷ್ಟೋ ವರ್ಷ ಕೂತಿತ್ತು. ಆಮೇಲೆ ಆ ಸಿನಿಮಾ ಟೀವಿಯಲ್ಲಿ ಬಂತು. ಅಕ್ಕನೂ ಇಲ್ಲ, ಅಂಗಿಯೂ ಇಲ್ಲ. ಮೋಸ ಹೋದೆ ಅನ್ನಿಸಲಿಲ್ಲ. ಸಿನಿಮಾ ತೆಗೆದವರು ಏನನ್ನೋ ಮರೆತಿದ್ದಾರೆ ಅನ್ನಿಸಿತು.

ಮಗ್ಗದ ಸದ್ದಿನ ಮೇಲೆಯೇ ಆಕೆ ಹೇಳುತ್ತಿದ್ದಳು. ಕರೆಂಟು ಹೋಗಿ ಎಲ್ಲ ಮೌನವಾದರೆ ನಿಲ್ಲಿಸಿಬಿಡುತ್ತಿದ್ದಳು. ನಾವು ಕಾಡಿದರೆ, "ಗದ್ದಲ ಬರಲಿ ತಡೀರೆ, ಇಷ್ಟ ಸುಮ್ಮನಿದ್ದಾಗ ಹೇಳಾಕ ನಾಚಿಕಿ ಬರ್ತೈತಿ" ಎನ್ನುತ್ತಿದ್ದಳು.

ಹಳೆಯ ಸಿನಿಮಾಗಳೆಲ್ಲ ಬಂಗಾರ, ಈಗಿನವೆಲ್ಲ ಕಸ ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಆಕೆ ತಂದ ಸಿನಿಮಾಗಳಲ್ಲಿ ಬಹಳಷ್ಟು ಸುಮಾರಿನವು. ಕಳೆದುಹೋದ ತಮ್ಮ, ಕುರುಡಿ ತಾಯಿ, ಬಡವ, ಸಾಹುಕಾರನ ಮಗಳು. ಒಂದನ್ನು ನೋಡಿದರೆ ಹತ್ತು ನೋಡಿದ ಹಾಗೆ. ಆದರೆ ಎಂಥ ಸುಮಾರು ಸಿನಿಮಾದಲ್ಲೂ ಒಬ್ಬನಿಗೆ ಏನೋ ಬೇಕಾಗಿರುತ್ತಿತ್ತು, ಅದು ಸಿಗುತ್ತಿತ್ತು ಅಥವಾ ಸಿಗುತ್ತಿರಲಿಲ್ಲ. ಅಷ್ಟಿದ್ದರೆ ಆಕೆಗೆ ಸಾಕು, ಮಿಕ್ಕಿದ್ದನ್ನು ನೋಡಿಕೊಳ್ಳುತ್ತಿದ್ದಳು. ಬಾಯಲ್ಲಿ ಹೊತ್ತು ತರಬಹುದಾಗಿತ್ತು.

ನಮ್ಮೂರಿನ ಟಾಕೀಸು ಮುಚ್ಚಿ, ಅದರೊಳಗೆ ನೂಲಿನ ಗಂಟು ತುಂಬಿದರು. ಎಲ್ಲರ ಕೈಗೂ ಮೊಬೈಲು ಬಂತು. ಆ ರೂಢಿ ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಪಡಸಾಲೆಯ ಹೆಂಗಸರು ಮೊಬೈಲಿನಲ್ಲಿ ತುಣುಕು ತುಣುಕು ನೋಡುತ್ತಿದ್ದರು, ಆಮೇಲೆ ಪೂರ್ತಿಯದಕ್ಕೆ ಅಬಚಿಯನ್ನು ಜಮಖಂಡಿಗೆ ಕಳಿಸುತ್ತಿದ್ದರು. ಎದುರು ಮನೆಯ ಸೊಸೆ ಕಸ್ತೂರಿ, ಪಡಸಾಲೆಯಲ್ಲಿ ಎಲ್ಲರಿಗಿಂತ ಬಾಯಿ ಜೋರು, ಒಮ್ಮೆ ಹೇಳಿದ್ದಳು: "ಮೊಬೈಲನ್ಯಾಗ ನೋಡಿದ್ರ ನಾ ನೋಡಿದಂಗ ಆಕೈತ್ರಿ ಅಕ್ಕಾರ. ಅಬಚಿ ಹೇಳಿದ್ರ ನಾವೆಲ್ಲಾರೂ ನೋಡಿದಂಗ ಆಕೈತಿ."

ಆಮೇಲೆ ಆ ಮೂರನೆಯ ಭಾಗ ಬಂತು.

ಹೆಸರು ಹೇಳುವುದಿಲ್ಲ, ಹೇಳಿದರೂ ವ್ಯತ್ಯಾಸವಿಲ್ಲ. ಎಲ್ಲ ಭಾಷೆಗಳಲ್ಲೂ ಒಂದೇ ದಿನ ಬಂದದ್ದು. ಮೊದಲೆರಡು ಭಾಗಗಳ ಮೇಲೆ ನಿಂತದ್ದು, ನಾಲ್ಕನೆಯದಕ್ಕೆ ಏಣಿಯಾಗಿ ಇಟ್ಟದ್ದು. ಕಬ್ಬಿನ ಟ್ರ್ಯಾಕ್ಟರುಗಳ ಮೇಲೆಲ್ಲ ಅದರ ಹೀರೋನದೇ ಚಿತ್ರ, ಅದರ ಹಾಡೇ ಹಾರ್ನು. ಲೋಕಾಪುರದಿಂದ ಹಿಪ್ಪರಗಿಯವರೆಗೆ ಹುಡುಗರ ಗಡ್ಡ ಅವನ ಗಡ್ಡದ ಹಾಗೆ. ಅಬಚಿ ಬಸ್ಸು ಹಿಡಿದು ಒಬ್ಬಳೇ ಜಮಖಂಡಿಗೆ ಹೋಗಿ ಮ್ಯಾಟಿನಿ ನೋಡಿ ಬಂದಳು. ಮರುದಿನ ನನಗೆ ಕಾಲೇಜಿಗೆ ರಜೆ ಇತ್ತು, ಪಡಸಾಲೆಯಲ್ಲೇ ಇದ್ದೆ. ಹೆಂಗಸರು ಸೆರಗು ಸಿಕ್ಕಿಸಿಕೊಂಡು ಸರಿಯಾಗಿ ಕೂತರು.

"ಒಬ್ಬಾಂವ ಇದ್ನವಾ" ಎಂದಳು ಅಬಚಿ.

"ಹೂಂ."

"ಅಂವ ಬಂದ. ಹೊಗಿ ಒಳಗಿಂದ ನಡಕೋತ ಬಂದ."

"ಎಲ್ಲಿಗೆ?" ಕಸ್ತೂರಿ ಕೇಳಿದಳು.

"ಎಲ್ಲಿಗೂ ಇಲ್ಲ. ಬಂದ. ಎಲ್ಲಾರೂ ಸೀಟಿ ಹೊಡದ್ರು."

"ಮತ್ತ?"

"ಮತ್ತ ಒಂದ ಹಡಗ ಸುಟ್ಟಿತು."

"ಯಾರದು?"

ಅಬಚಿಯ ರಾಟಿ ನಿಂತಿತು. "ಯಾರದಂತ..." ಎಂದು ಮೇಲೆ ತಗಡಿನ ಕಡೆ ನೋಡಿದಳು. "ಹೇಳಿರಬೇಕವಾ. ನನಗ ನೆನಪ ಇಲ್ಲ. ಆಮ್ಯಾಲ ಇನ್ನೊಬ್ಬಾಂವ ಬಂದ. ಅಂವ ಬ್ಯಾರೆ ಸಿನಿಮಾದಾಂವ ಅಂತ. ಅವಗೂ ಸೀಟಿ ಹೊಡದ್ರು."

"ಅಂವಗ ಏನ ಬೇಕಾಗಿತ್ತ ಅಬಚಿ?"

"ಯಾರಿಗೆ?"

"ಹೀರೋಗ. ನೀನ ಯಾವಾಗ್ಲೂ ಹೇಳ್ತಿ ಅಲಾ, ಅದನ ಕೇಳ್ರಿ ಅಂತ."

ಅಬಚಿ ನೂಲಿನ ಎಳೆಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ನಮಗೆ ನಗು ಬರತೊಡಗಿತ್ತು. ಕಸ್ತೂರಿ ಬಿಡಲಿಲ್ಲ. "ಹೋಗಲಿ, ಏನ ಉಂಡ್ರು ಹೇಳು."

"ಯಾರೂ ಉಣಲಿಲ್ಲ."

"ನೀನ ಉಣಸ ಬೇ ಮತ್ತ. ಹಿಟ್ಟ ಐತಿ, ಪಲ್ಲೆ ಐತಿ."

ಎಲ್ಲರೂ ನಕ್ಕರು. ಅಬಚಿ ನಗಲಿಲ್ಲ. "ಉಣಸಾಕ ಹೋದೆ" ಎಂದಳು. "ಅವರಿಗೆ ಹಸವ ಇಲ್ಲ."

"ಹಂಗಾರ ನಿನ್ನೆ ಸುತ್ತಿದ ಕಂಡಿಕಿ ನಮಗ ತಿರಗಿ ಕೊಡವಾ. ಸಿನಿಮಾ ತರಲಿಲ್ಲ, ಏನಿಲ್ಲ" ಎಂದಳು ಕಸ್ತೂರಿ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆಮೇಲೆ ಯಾರೋ, ಕಸ್ತೂರಿಯಲ್ಲ, ಬಹುಶಃ ನಮ್ಮವ್ವನೇ, ಮೆತ್ತಗೆ ಎಂದಳು: "ವಯಸ್ಸಾತು ಪಾಪ. ಅರವು ಮರವು."

ಆ ಮಾತು ಎಲ್ಲರಿಗೂ ಕೇಳಿಸಿತು. ಸಂಜೆ ಹೆಂಗಸರೆಲ್ಲ ಎದ್ದು ಹೋದ ಮೇಲೂ ಅಬಚಿ ಕೂತೇ ಇದ್ದಳು, ಹಿಂದಿನ ದಿನ ತನಗಾಗಿ ಅವರು ಸುತ್ತಿದ್ದಷ್ಟನ್ನೂ ತಿರುಗಿ ಸುತ್ತಿಟ್ಟು ಹೋದಳು.

ಆಕೆಗೆ ಹೆದರಿಕೆ ಯಾಕೆ ಎಂಬುದು ನನಗೆ ಗೊತ್ತಿತ್ತು. ಬೀಳಗಿಯಲ್ಲಿ ಆಕೆಯ ಅಕ್ಕ ಇದ್ದಳು. ಆ ಅಕ್ಕನಿಗೆ ಮೊದಲು ಒಲೆ ಹಚ್ಚಿದ್ದು ಮರೆಯುತ್ತಿತ್ತು, ಆಮೇಲೆ ಓಣಿ, ಆಮೇಲೆ ಮಕ್ಕಳು. ಅಬಚಿ ಹೋಗಿ ಆರೈಕೆ ಮಾಡಿದ್ದಳು. ಕೊನೆಯಲ್ಲಿ ತಲೆ ಬಾಚುತ್ತಿದ್ದಾಗ ಅಕ್ಕ ಆಕೆಯ ಕೈ ಹಿಡಿದು, "ನೀ ಯಾರ ಮನಿಯಾಕೆವಾ?" ಎಂದು ಕೇಳಿದಳಂತೆ. ಅದೊಂದನ್ನು ಅಬಚಿ ಕತೆಯ ಹಾಗೆ ಹೇಳುತ್ತಿರಲಿಲ್ಲ. ಬಾಗಿಲ ಬಣ್ಣ ಇಲ್ಲ, ಸೀರೆಯ ದಡಿ ಇಲ್ಲ. ಕೇಳಿದಳು, ಅಷ್ಟೇ.

ಈಗ ತನ್ನ ಸರದಿ ಬಂತು ಎಂದುಕೊಂಡಳು. ಓಣಿಯಲ್ಲಿ ಹೋಗುವವರನ್ನು ನಿಲ್ಲಿಸಿ ಅವರ ಅಜ್ಜ-ಮುತ್ತ್ಯಾನ ಹೆಸರು ತಾನೇ ಹೇಳಿ, ಹೌದೋ ಅಲ್ಲವೋ ಎಂದು ಕೇಳುತ್ತಿದ್ದಳು. ಎಷ್ಟೋ ವರ್ಷದ ಹಿಂದಿನ ಸಿನಿಮಾಗಳನ್ನು ಒಬ್ಬಳೇ ಕೂತು ಬಾಯೊಳಗೇ ಹೇಳಿಕೊಳ್ಳುತ್ತಿದ್ದಳು. ಎಲ್ಲ ಬರುತ್ತಿದ್ದವು. ಅದು ಇನ್ನೂ ಕೆಟ್ಟದು, ಅಕ್ಕನಿಗೂ ಹಳೆಯದೆಲ್ಲ ನೆನಪಿತ್ತು, ಎಂದಳು.

ಅಬಚಿಯ ಅಣ್ಣನ ಮಗ ಆಕೆಯನ್ನು ಮುಧೋಳದ ಡಾಕ್ಟರ ಹತ್ತಿರ ಕರೆದೊಯ್ದ. ಡಾಕ್ಟರು ವಾರ ಕೇಳಿದರು, ಊರು ಕೇಳಿದರು, ಹಿಂದುಮುಂದಾಗಿ ಎಣಿಸಲು ಹೇಳಿದರು. ಎಲ್ಲ ಸರಿ. ಕೊನೆಗೆ ಅಬಚಿಯೇ ಕೇಳಿದಳಂತೆ: "ನೀವು ಆ ಸಿನಿಮಾ ನೋಡೀರೇನ್ರಿ ಸಾಹೇಬ್ರ?"

"ಹುಡುಗರ ಕರಕೊಂಡ ಹೋಗಿದ್ದೆ."

"ಕತಿ ಹೇಳ್ರಿ ನೋಡೋಣು."

ಡಾಕ್ಟರು ನಗುತ್ತ ಶುರು ಮಾಡಿದರಂತೆ, ಒಂದೆರಡು ಮಾತಿಗೆ ನಿಂತು, "ಅದ... ಹಿಂದಿನ ಎರಡೂ ನೋಡಿದ್ರ ತಿಳೀತೈತೆವಾ" ಎಂದರಂತೆ. ಅಣ್ಣನ ಮಗ ಇದನ್ನು ದೊಡ್ಡ ಚಾಷ್ಟಿಯಾಗಿ, ನಕ್ಕು ನಗಿಸುತ್ತ, ಹೇಳಿಕೊಂಡು ತಿರುಗಾಡಿದ. ಅಬಚಿಗೆ ಮಾತ್ರ ಇದರಿಂದ ಸಮಾಧಾನವಾಗಲಿಲ್ಲ. "ಭಾಳ ಛಲೋ ಮನಿಷಾ" ಎಂದಳು ನನ್ನ ಹತ್ತಿರ. "ನನಗ ಕೆಡಕ ಅನ್ನಸಬಾರ್ದಂತ ತಾನೂ ಮರತಂಗ ಮಾಡಿದ."

ಕೆಲವು ದಿನ ಬಿಟ್ಟು ಪಡಸಾಲೆಗೆ ಬಂದು ಎಲ್ಲರ ಎದುರೇ ಹೇಳಿದಳು: "ಇನ್ನೊಮ್ಮಿ ಹೋಗಿ ಬರ್ತೇನಿ. ಈ ಸಲ ತರದಿದ್ರ ನನ್ನ ಜಾಗಾದಾಗ ಬ್ಯಾರೆದವರನ್ನ ಕುಂಡ್ರಸ್ರಿ." ಕಸ್ತೂರಿ, "ನಿನ್ನ ಪಾಲಿಂದು ನಾ ಸುತ್ತತೇನಿ, ಹೋಗಿ ಬಾ" ಎಂದಳು. ನಾನು ಜೊತೆಗೆ ಹೊರಟೆ. ನನ್ನ ಯೋಚನೆ ಸರಳ ಇತ್ತು. ನಾನು ಕಣ್ಣಿಟ್ಟು ನೋಡುತ್ತೇನೆ, ಆಕೆಗೆ ಎಲ್ಲಿ ತಪ್ಪುತ್ತದೋ ಅಲ್ಲಿ ನೆನಪು ಮಾಡಿಕೊಡುತ್ತೇನೆ.

ನೋಡಿದೆ. ಕಣ್ಣು ಪರದೆಯಿಂದ ಕದಲಿಸಲಿಲ್ಲ. ಇಂಟರ್ವಲ್‌ನಲ್ಲಿ ಚಹಾ ತರಲು ಹೋದೆ, ಅಲ್ಲಿ ದೊಡ್ಡ ಸಾಲು, ಬರುವಷ್ಟರಲ್ಲಿ ಮತ್ತೆ ಕತ್ತಲಾಗಿತ್ತು. ಮುಗಿದ ಮೇಲೆ ಮೆಟ್ಟಿಲಿಳಿಯುವ ನೂಕುನುಗ್ಗಲಿನಲ್ಲಿ ಆಕೆಯ ಕೈ ತಪ್ಪಿಹೋಯಿತು, ಕೆಳಗೆ ಗೇಟಿನ ಹತ್ತಿರ ಕಾಯ್ದು ನಿಂತೆ. ಸ್ವಲ್ಪ ತಡವಾಗಿ ಬಂದಳು. ಬಸ್ಸಿನಲ್ಲಿ ಕಿಟಕಿಯ ಹೊರಗೆ ಕಬ್ಬಿನ ಗಾಡಿಗಳನ್ನು ನೋಡುತ್ತ ಕೂತಿದ್ದಳು.

"ಕತಿ ನಾ ಹೇಳ್ಲೇನ ಅಬಚಿ? ನೆನಪಾಗಲಿ ನಿನಗ."

"ಹೇಳು."

"ಒಬ್ಬಾಂವ ಇದ್ದ. ಅಂವ ಹಿಂದಿನ ಭಾಗದಾಗ ಸತ್ತಿದ್ನಂತ ತಿಳಿದಿದ್ರು. ಸತ್ತಿರಲಿಲ್ಲ. ಬಂದ."

"ಯಾಕ ಬಂದ?"

ನಾನು ಹುಡುಕಿದೆ. ಮೂರು ತಾಸು ಕದಲದೆ ನೋಡಿದ್ದು ತಲೆಯಲ್ಲಿ ಎಲ್ಲಿದೆ ಎಂದು ಹುಡುಕಿದೆ. ಬೆಂಕಿ ಇತ್ತು, ಹೊಗೆ ಇತ್ತು, ಕುಸಿಯುವ ಊರಿತ್ತು. ಅವನ ಬೆನ್ನು ಬಹಳ ಸಲ ಇತ್ತು. ಹಡಗು ಯಾರದೆಂದು ನನಗೂ ಗೊತ್ತಿರಲಿಲ್ಲ. ನನ್ನ ಮುಖ ನೋಡಿ ಅಬಚಿ ಎಷ್ಟೋ ದಿನದ ಮೇಲೆ ನಕ್ಕಳು. "ನಿನಗೂ ಆಗೇತಿ ಹಂಗಾರ" ಎಂದಳು. ಸ್ವಲ್ಪ ಹೊತ್ತಿಗೆ ನಗು ಹೋಯಿತು. "ನಿನಗ ನಡೀತೈತವಾ. ನನ್ನ ಕಂಡಿಕಿ ಅಲ್ಲಿ ಸುತ್ತಾಕತ್ತಾರ."

ಆಮೇಲೆ ನಾನು ಇದರ ಬಗ್ಗೆ ಬಹಳ ಯೋಚಿಸಿದ್ದೇನೆ. ತಪ್ಪು ಗದ್ದಲದ್ದಲ್ಲ, ನಾವು ಗದ್ದಲದಲ್ಲೇ ಬೆಳೆದವರು. ಮಾಡಿದ್ದನ್ನೇ ಮಾಡುವುದೂ ತಪ್ಪಲ್ಲ, ನಮ್ಮ ಮಗ್ಗದಲ್ಲಿ ಒಂದೇ ದಡಿ ಸೀರೆಯ ಉದ್ದಕ್ಕೂ ಓಡುತ್ತದೆ. ಆದರೆ ಸೀರೆಗೆ ಸೆರಗು ಬರುತ್ತದೆ. ಅಲ್ಲಿ ಮುಗಿಯುತ್ತದೆ, ಕೊಯ್ದು ಇಳಿಸುತ್ತಾರೆ, ಯಾರೋ ಉಡುತ್ತಾರೆ. ಈ ಸಿನಿಮಾ ಮಗ್ಗದಿಂದ ಇಳಿಸದೇ ಇಟ್ಟ ಬಟ್ಟೆ. ಅವನು ಸೋಲುವಂತಿಲ್ಲ, ನಾಲ್ಕನೆಯ ಭಾಗದಲ್ಲಿ ಬೇಕು. ಗೆಲ್ಲುವಂತೆಯೂ ಇಲ್ಲ, ಗೆದ್ದರೆ ನಾಲ್ಕನೆಯ ಭಾಗ ಯಾಕೆ ಬೇಕು? ಮುದುಕನಾಗುವಂತಿಲ್ಲ, ಯಾರ ಮಾತಿಗೂ ಮನಸ್ಸು ಬದಲಿಸುವಂತಿಲ್ಲ. ಉಳಿದದ್ದು ಬರುವುದೊಂದೇ. ಅವನು ಬರುತ್ತಾನೆ, ನಾವು ಗುರುತು ಹಿಡಿಯುತ್ತೇವೆ, ಗುರುತು ಹಿಡಿದ ಖುಷಿಗೆ ಸೀಟಿ ಹೊಡೆಯುತ್ತೇವೆ. ಕೊನೆಯಲ್ಲಿ ದುಡಿದವರ ಹೆಸರು ಸಾಲು ಸಾಲಾಗಿ ಓಡಿದವು. ಅಷ್ಟು ಮಂದಿ ನಿದ್ದೆಗೆಟ್ಟು ದುಡಿದಿದ್ದಾರೆ, ಬೆಂಕಿಯ ಒಂದೊಂದು ಕಿಡಿಯನ್ನೂ ಕೂತು ಮಾಡಿದ್ದಾರೆ. ಆದರೆ ಯಾರೋ ಒಬ್ಬರು ಕೂತು, ಹೀಗಾದರೆ ಕತೆಯೊಳಗಿನ ಇವರ ಗತಿ ಏನು ಎಂದು ಕಳವಳಪಟ್ಟ ಗುರುತು ಎಲ್ಲೂ ಇರಲಿಲ್ಲ.

ಇದೆಲ್ಲ ನನ್ನ ವಾದ. ಅಬಚಿ ವಾದ ಮಾಡುವವಳಲ್ಲ. ಮರುದಿನ ಬೆಳಿಗ್ಗೆ ಪಡಸಾಲೆಯಲ್ಲಿ ತನ್ನ ಜಾಗದಲ್ಲಿ ಕೂತಳು, ರಾಟಿಗೆ ನೂಲು ಹಚ್ಚಿದಳು. ಕಸ್ತೂರಿ ಹಿಂದಿನ ದಿನ ಅಬಚಿಯ ಪಾಲಿನದನ್ನು ಸುತ್ತಿ ತುಂಬಿದ ಬುಟ್ಟಿಯನ್ನು ತನ್ನ ಮಗ್ಗುಲಲ್ಲೇ ಇಟ್ಟುಕೊಂಡಿದ್ದಳು, ಕೊಟ್ಟಿರಲಿಲ್ಲ. ನಾನು ಕಾಲೇಜಿನ ಬಸ್ಸು ಬಿಟ್ಟು ಬಾಗಿಲಲ್ಲಿ ನಿಂತೆ.

"ಥೇಟರಿನ್ಯಾಗ" ಎಂದಳು ಅಬಚಿ, "ನಮ್ಮ ಹಿಂದಿನ ಸಾಲಿನ್ಯಾಗ ಒಬ್ಬಾಕಿ ಕುಂತಿದ್ಳು."

"ಸಿನಿಮಾದಾಗೋ, ಥೇಟರಿನ್ಯಾಗೋ?"

"ಥೇಟರಿನ್ಯಾಗ. ಹಸರ ಸೀರಿ, ಕೆಂಪ ದಡಿ, ಮೂರಸಲ ಒಗದದ್ದು. ಆಕಿ ಗಂಡನೂ ಬಂದಿದ್ದ. ಇಬ್ಬರ ನಡುವ ಆಕಿ ತಮ್ಮ ಕುಂತಿದ್ದ. ಇಂಟರ್ವಲ್‌ದಾಗ ಕೇಳಿದೆ, ಯಾವೂರವಾ ಅಂತ. ಆಕಿ ತವರಮನಿ ಹಿಪ್ಪರಗಿ. ಗಂಡ ರನ್ನ ಬೆಳಗಲಿಯಾಂವ. ಸಿಟ್ಟಮಾಡಿ ತವರಿಗೆ ಬಂದ ಕುಂತಾಳ. ಅಂವ ಕರಿಯಾಕ ಹೋಗಿಲ್ಲ. ಆಕಿ ತಾನಾಗಿ ಹೋಗಿಲ್ಲ. ಆ ತಮ್ಮ ಭಾಳ ಶಾಣ್ಯಾ. ಮೂರ ಟಿಕೀಟ ತಗದಾನ."

"ಮಾತಾಡಲಿ ಅಂತ" ಎಂದಳು ಅವ್ವ.

"ಮಾತಾಡಲಿ ಅಂತ. ಆದ್ರ ಹೆಂಗ ಮಾತಾಡತಾರ? ಪರದೆ ಮ್ಯಾಲ ಊರ ಕೆಡವಾಕತ್ತಾರ. ಆ ಗದ್ದಲದಾಗ ಅಂವ ಒಂದ ಮಾತ ಅಂದ. ತಮ್ಮನ ಹಿಂದಿಂದ ಬಗ್ಗಿ ಅಂದ. ಆಕಿಗೆ ಕೇಳಸ್ಲಿಲ್ಲ. 'ಏನಂದಿ?' ಅಂದ್ಳು. ಅಂವ ತಿರಗಿ ಅನಲಿಲ್ಲ. ಗಂಡಸರು ಒಮ್ಮಿ ಅಂತಾರ ಅಷ್ಟ."

ರಾಟಿಗಳು ನಿಧಾನವಾಗಿದ್ದವು. "ಮುಂದ?" ಎಂದಳು ಕಸ್ತೂರಿ.

"ಇಂಟರ್ವಲ್ ಆತು. ತಮ್ಮ ಎದ್ದ ಹೋದ, ಬರಲೇ ಇಲ್ಲ. ಬೇಕಂತ ನಿಂತಾನ ಹೊರಗ. ನಡುವ ಒಂದ ಕುರ್ಚಿ ಖಾಲಿ. ಆಕಿ ತನ್ನ ಚೀಲ ಅದರಾಗ ಇಟ್ಳು. ಅಂವ ಹಣಮಪ್ಪನ ಗುಡಿಯಾಗ ಕುಂತಂಗ ನೆಟ್ಟಗ ಕುಂತಾನ. ತಿರಗಿ ಕತ್ತಲಾತು. ಆ ಹಡಗ ಸುಡಾಕತ್ತಿತು. ಬೆಳಕ ಬಿತ್ತಲಾ, ಹೊಳ್ಳಿ ನೋಡತೇನಿ, ಚೀಲ ಅವನ ತೊಡಿ ಮ್ಯಾಲ ಐತಿ. ಎರಡೂ ಕೈಲೆ ಹಿಡಕೊಂಡಾನ, ಕೂಸಿನ ಹಿಡದಂಗ."

"ಏನಂದಿದ್ದ ಅಂವ?" ಇದು ಒಬ್ಬರ ಪ್ರಶ್ನೆಯಲ್ಲ, ಎಲ್ಲರೂ ಕೇಳಿದರು.

"ಆಕಿಗ ಕೇಳಸಿಲ್ಲ, ನಿನಗ ಹೆಂಗ ಕೇಳಸೀತು?" ಕಸ್ತೂರಿ ಸೇರಿಸಿದಳು.

"ಕೇಳಸಾಕ ಯಾಕ ಬೇಕ? ನಾ ಮಗ್ಗದ ಮನಿಯಾಕಿ ಅಲ್ಲೇನ?"

ಅದು ನಿಜ. ಪಾವರ್‌ಲೂಮಿನ ಮನೆಗಳಲ್ಲಿ ಬಾಳಿದವರು ಮಾತನ್ನು ಕಿವಿಯಿಂದ ಕೇಳುವುದಿಲ್ಲ. ಆ ಸದ್ದಿನಲ್ಲಿ ತುಟಿ ನೋಡಿಯೇ ತಿಳಿಯುತ್ತಾರೆ. ಇಲ್ಲಿಂದ ಅಲ್ಲಿಗೆ ತುಟಿಯಲ್ಲೇ ಜಗಳವಾಡುತ್ತಾರೆ. ಬೇರೆ ಊರವರಿಗೆ ಪರದೆಯ ಬೆಳಕಿನಲ್ಲಿ ಕಾಣದ್ದು ಅಬಚಿಗೆ ಕಂಡಿರಲು ಸಾಧ್ಯ.

"ಎಮ್ಮಿ ನನಗ ಹಾಲ ಹಿಂಡಗೊಡವಲ್ದು ಅಂದ" ಎಂದಳು ಅಬಚಿ. "ಅಷ್ಟ ಅಂದದ್ದು."

ಪಡಸಾಲೆಯಲ್ಲಿ ಯಾರೂ ನಗಲಿಲ್ಲ. ಹಿಂದೆ ಮಗ್ಗಗಳು ಹೊಡೆಯುತ್ತಲೇ ಇದ್ದವು. ಅವ್ವ ಮೂಗು ಒರೆಸಿಕೊಂಡಳು, ನೂಲಿನ ಧೂಳಿಗೆ ಇರಬಹುದು.

"ಆಕಿಗೆ ಗೊತ್ತಾಗಲಿಲ್ಲ ಹಂಗಾರ" ಎಂದಳು ಕಸ್ತೂರಿ. ಆಕೆಯ ದನಿಯಲ್ಲಿ ಚಾಷ್ಟಿ ಇರಲಿಲ್ಲ.

"ಹಂಗ ಹೆಂಗ ಬಿಡಾಕ ಬರ್ತೈತಿ? ಮುಂದಿನ ಭಾಗಕ್ಕ ಇಡಾಕ ನಾ ಏನ ಸಿನಿಮಾದಾಕಿನ? ಪಾವಟಿಗಿ ಇಳಿಯುಮುಂದ ಆಕಿ ಕೈ ಹಿಡದೆ. ನಿನ್ನ ಗಂಡ ಹಿಂಗಿಂಗ ಅಂದಾನ ತಂಗಿ, ಅಂದೆ. ನಿಂತ ಬಿಟ್ಳು. ಹಿಂದ ಮಂದಿ ನೂಕಾಕತ್ತಾರ, ನಿಂತ ಬಿಟ್ಳು."

"ಏನಂದ್ಳು?"

"ಯಾವ ಎಮ್ಮಿ, ಅಂದ್ಳು. 'ಯಾವ ಎಮ್ಮಿ ಯಕ್ಕಾ? ಮನಿಯಾಗ ಎರಡ ಅದಾವು.' ಅನಕೋತ ಅವನ ಹಿಂದ ಓಡಿದ್ಳು. ಚೀಲ ಅವನ ಹಂತ್ಯಾಕ ಇತ್ತಲಾ."

ಮುಗಿದಿತ್ತು. ಎಲ್ಲರಿಗೂ ಗೊತ್ತಾಯಿತು ಮುಗಿಯಿತೆಂದು. ಅಬಚಿ ರಾಟಿಯಿಂದ ತುಂಬಿದ ಕಂಡಿಕೆ ತೆಗೆದು ಹೊಸದು ಹಚ್ಚಿದಳು.

ಕಸ್ತೂರಿ ಬಾಗಿಲಲ್ಲಿ ನಿಂತ ನನ್ನ ಕಡೆ ತಿರುಗಿದಳು. ದನಿ ತೆಗೆಯಲಿಲ್ಲ. ತುಟಿಯಲ್ಲಷ್ಟೇ ಕೇಳಿದಳು: ಖರೇನ?

ನಾನು ಚಹಾದ ಸಾಲಿನಲ್ಲಿದ್ದೆ. ಗೇಟಿನ ಹತ್ತಿರ ನಿಂತಿದ್ದೆ. ಉಳಿದ ಹೊತ್ತೆಲ್ಲ ಏನೂ ತಪ್ಪಿಹೋಗಬಾರದೆಂದು ಪರದೆಯನ್ನೇ ನೋಡುತ್ತಿದ್ದೆ. ಹಿಂದಿನ ಸಾಲಿಗೆ ಒಮ್ಮೆಯೂ ತಿರುಗಿರಲಿಲ್ಲ.

ಉತ್ತರಿ‍ಸುವ ಮೊದಲು ಅಬಚಿಯ ಕಡೆ ಕಣ್ಣು ಹೋಯಿತು. ಆಕೆ ರಾಟಿ ತಿರುವುವುದನ್ನು ನಿಲ್ಲಿಸಿರಲಿಲ್ಲ, ಆದರೆ ನೂಲನ್ನು ನೋಡುತ್ತಿರಲಿಲ್ಲ. ನನ್ನ ತುಟಿಯನ್ನೇ ನೋಡುತ್ತಿದ್ದಳು. ಕಸ್ತೂರಿಗಿಂತ ಹೆಚ್ಚು ಆಕೆಗೇ ಅದು ಗೊತ್ತಾಗಬೇಕಿತ್ತೇನೋ.

ಖರೆ, ಎಂದೆ.

ಕಸ್ತೂರಿ ಬುಟ್ಟಿಯನ್ನು ಅಬಚಿಯ ಮುಂದೆ ಸರಿಸಿದಳು.